ಡೆನ್ಮಾರ್ಕಿನಿಂದ ಬಂದ ಸುಧಾ

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ವಾದ ಮಾಡದೆ ಎದ್ದದ್ದು ನನಗೆ ನೆನಪಿಲ್ಲ. ಕೈಮಾಡುವ, ತಟ್ಟೆ ತಳ್ಳುವ ಜಗಳವಲ್ಲ. ಒಬ್ಬರು ಒಂದು ಮಾತು ಎತ್ತುವುದು, ಇನ್ನೊಬ್ಬರು ಅದರ ಕಾಲು ಹಿಡಿದು ಎಳೆಯುವುದು, ಅಷ್ಟರಲ್ಲಿ ಮೂರನೆಯವರು ಬೇರೆಯದೇ ವಿಷಯ ಹಿಡಿದು ನಡುವೆ ನುಗ್ಗುವುದು. ಕಡುಬು ಆರುತ್ತಿತ್ತು, ಎಂಜಲ ಕೈ ಒಣಗುತ್ತಿತ್ತು. ಒಲೆಗೆ ಬೆನ್ನು ಮಾಡಿ ಅಜ್ಜಿ, ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ಅಪ್ಪ, ಇಬ್ಬರ ನಡುವೆ ಸೌಟು ಹಿಡಿದು ಓಡಾಡುವ ಅಮ್ಮ. ನಾನು ಮೂಡಿಗೆರೆಯ ಶಾಲೆಯಲ್ಲಿ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದ ಹುಡುಗಿ. ವಿಷಯ ಯಾವುದೇ ಇರಲಿ, ವಿರೋಧದ ಕಡೆಯೇ ನಿಲ್ಲುತ್ತಿದ್ದೆ. ಪರವಾಗಿ ಮಾತಾಡುವುದು ಸೋಮಾರಿಗಳ ಕೆಲಸ ಎಂಬುದು ನನ್ನ ದೃಢ ನಂಬಿಕೆ. ಬೇರೆ ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಗೆದ್ದ ಕಪ್ಪುಗಳನ್ನು ಅಮ್ಮ ಶೋಕೇಸಿನಲ್ಲಿ ಇಟ್ಟರೆ ಅಜ್ಜಿ ಒಂದನ್ನು ಎತ್ತಿಕೊಂಡು ಹೋಗಿ ಅದರಲ್ಲಿ ಕಾಳುಮೆಣಸು ಹಾಕಿಟ್ಟಿದ್ದರು. ನನ್ನನ್ನು ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟಿದ್ದರು. ನಾನು ಅವರ ಪಾಲಿಗೆ ಲಾಯರಮ್ಮ.

ಆ ವರ್ಷ ನಮ್ಮ ಮನೆಯ ದೊಡ್ಡ ವಾದ ಹೋಂಸ್ಟೇಯದ್ದು. ಕಾಫಿ ರೇಟು ಬಿದ್ದುಹೋಗಿತ್ತು. ಸುತ್ತಮುತ್ತ ಒಂದೆರಡು ಮನೆಯವರು ಬೆಂಗಳೂರಿನ ಜನರಿಗೆ ಕೋಣೆ ಕೊಡಲು ಶುರುಮಾಡಿದ್ದರು. ಅಮ್ಮ ಜಗಲಿಯ ಕೊನೆಯಲ್ಲಿ ಚೀಲಗಳನ್ನು ಒಟ್ಟುತ್ತಿದ್ದ ಎರಡು ಕೋಣೆಗಳಿಗೆ ಸುಣ್ಣ ಹೊಡೆಸಿ, ಕಿಟಕಿಗೆ ಹೂವಿನ ಪರದೆ ಹಾಕಿ, ಬಚ್ಚಲಿಗೆ ಗೀಸರು ಕೂರಿಸಿದರು. ಬಚ್ಚಲ ಹಂಡೆಗೆ ಮೂರು ಹೊತ್ತೂ ಬೆಂಕಿ ಇರುವ ಮನೆಯಲ್ಲಿ ಗೀಸರು ಯಾಕೆ ಎಂಬಲ್ಲಿಂದ ಅಜ್ಜಿಯ ವಾದ ಆರಂಭವಾಯಿತು.

“ಮನೆಗೆ ಬಂದೋರಿಗೆ ಅನ್ನ ಹಾಕಿ ದುಡ್ಡು ಕೇಳೋದಾ?”

“ಸುಮ್ನೆ ಬಂದೋರಲ್ಲ ಅತ್ತೆ ಅವ್ರು. ಗೆಸ್ಟು,” ಅಂದರು ಅಮ್ಮ.

“ಗೆಸ್ಟು ಅಂದ್ರೆ ಎಂತ? ನೆಂಟರಾ?”

“ನೆಂಟರಲ್ಲ.”

“ಮತ್ತೆ ಕೆಲಸಕ್ಕೆ ಬರೋರಾ?”

“ಅಯ್ಯೋ, ಅಲ್ಲ.”

“ನೆಂಟರೂ ಅಲ್ಲ, ಕೆಲಸಕ್ಕೂ ಅಲ್ಲ ಅಂದ್ರೆ ಅವ್ರು ಬಂದು ನಮ್ಮನೇಲಿ ಮಲಗೋದು ಎಂತಕ್ಕೆ ಮಾರಾಯ್ತಿ?”

ಅಜ್ಜಿಯ ಲೋಕದಲ್ಲಿ ಮನೆಯೊಳಗೆ ಬರುವ ಮನುಷ್ಯರಿಗೆ ಮೂರನೆಯ ಜಾತಿಯೇ ಇರಲಿಲ್ಲ. ಕೊನೆಗೆ ಅವರು ಒಂದು ಷರತ್ತಿನ ಮೇಲೆ ಒಪ್ಪಿದರು: ಹಲಸಿನ ಹಪ್ಪಳ ಮಾಡುವ ದಿನ ಯಾವ ಗೆಸ್ಟೂ ಮನೆಯಲ್ಲಿ ಸುಳಿಯಕೂಡದು.

ನಮ್ಮ ಹೋಂಸ್ಟೇಯ ಮೊಟ್ಟಮೊದಲ ಗೆಸ್ಟು ಹಪ್ಪಳದ ದಿನವೇ ಬಂದಳು. ಡೆನ್ಮಾರ್ಕಿನವಳು, ಹೆಸರು ಕಾರೆನ್, ಒಬ್ಬಳೇ ಬರುತ್ತಾಳೆ, ಬೆಟ್ಟ ನೋಡಬೇಕಂತೆ ಎಂದು ಬೆಂಗಳೂರಿನಿಂದ ಅಮ್ಮನ ಗೆಳತಿ ಫೋನು ಮಾಡಿದ್ದರು. ಅಷ್ಟು ಬಿಟ್ಟರೆ ನಮಗೆ ಬೇರೇನೂ ಗೊತ್ತಿರಲಿಲ್ಲ. ಕೊಟ್ಟಿಗೆಹಾರದಲ್ಲಿ ಬಸ್ಸಿಳಿಯುವ ಅವಳನ್ನು ಜೀಪಿನಲ್ಲಿ ಕರೆತರಲು ಅಪ್ಪನೂ, ಇಂಗ್ಲಿಷ್ ಮಾತಾಡಲು ನಾನೂ ಹೊರಟೆವು. ರಟ್ಟಿನ ಮೇಲೆ ಹೆಸರು ಬರೆದುಕೊಂಡು ಹೋಗೋಣವೇ ಎಂದೆ.

“ಬೋರ್ಡು ಎಂತಕ್ಕೆ? ಬಸ್ಸಿಂದ ಬಿಳಿಯೋಳೊಬ್ಳು ಇಳಿದ್ರೆ ಇಡೀ ಕೊಟ್ಟಿಗೆಹಾರಕ್ಕೇ ಗೊತ್ತಾಗುತ್ತೆ,” ಅಂದರು ಅಪ್ಪ.

ಇದು ನನಗೂ ಸರಿ ಅನ್ನಿಸಿತು. ಆ ವರ್ಷವಿಡೀ ನಾನು ತಕರಾರಿಲ್ಲದೆ ಒಪ್ಪಿಕೊಂಡ ಒಂದೇ ಒಂದು ಮಾತು ಅದು. ಬಸ್ಸು ಬಂತು. ಜನ ಇಳಿದರು, ಹತ್ತಿದರು. ಬೆನ್ನಿಗೆ ಮೂಟೆಯಂಥ ಚೀಲ ಹಾಕಿಕೊಂಡ ಕಪ್ಪುಗೂದಲಿನ ಹುಡುಗಿಯೊಬ್ಬಳು ಸರಿಯಾಗಿ ನನ್ನ ಮುಂದೆಯೇ ನಿಂತು ಆ ಕಡೆ ಈ ಕಡೆ ನೋಡತೊಡಗಿದಳು. ನನಗೆ ಬಸ್ಸಿನ ಬಾಗಿಲೇ ಕಾಣುತ್ತಿರಲಿಲ್ಲ.

“ಅಕ್ಕಾ, ಸ್ವಲ್ಪ ಆಚೆ ನಿಂತ್ಕೊಳ್ತೀರಾ? ಬಸ್ಸು ಕಾಣಲ್ಲ,” ಎಂದು ಕೈಸನ್ನೆ ಮಾಡಿದೆ.

ಅವಳು ನಕ್ಕು ಸರಿದು ನಿಂತಳು. ಆಮೇಲೆ ಆಟೋದವನಿಗೊಂದು ಚೀಟಿ ತೋರಿಸಿ ಹತ್ತಿ ಹೋದಳು. ಬಿಳಿಯೋಳು ಇಳಿಯಲಿಲ್ಲ. ಮುಂದಿನ ಬಸ್ಸಿಗೂ ಕಾದೆವು. ಕಾಯುವಾಗ ಹೋಟೆಲಿಗೆ ಹೋಗಿ ನೀರುದೋಸೆ ತಿಂದೆವು. ಗೆಸ್ಟು ಕೈಕೊಟ್ಟ ಬೇಸರಕ್ಕೆ ಅಪ್ಪ ಇನ್ನೊಂದು ಪ್ಲೇಟು ತಿಂದರು. ಅಮ್ಮನಿಗೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಮನೆಗೆ ಬಂದೆವು.

ಇತ್ತ ಮನೆಯಲ್ಲಿ ಹಪ್ಪಳ ಭರದಿಂದ ನಡೆದಿತ್ತು. ಕೊಯ್ಲು ಮುಗಿದು ಖಾಲಿಯಾಗಿದ್ದ ಕಾಫಿ ಕಣದ ತುಂಬ ಚಾಪೆ ಹಾಸಿತ್ತು. ಬೆಳೆದ ಹಲಸಿನಕಾಯಿಯ ತೊಳೆ ಬೇಯಿಸಿ, ಮೆಣಸು, ಉಪ್ಪು, ಜೀರಿಗೆ ಹಾಕಿ ಒರಳಲ್ಲಿ ಕುಟ್ಟಿದ ಹಿಟ್ಟು ಇನ್ನೂ ಬೆಚ್ಚಗೆ ಪರಾತದಲ್ಲಿತ್ತು. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು, ಮೇಲೆ ಮಣೆಯಿಟ್ಟು ಒತ್ತಿ, ತೆಳುವಾದ ಹಪ್ಪಳವನ್ನು ಚಾಪೆಗೆ ಬಿಡಿಸಿ ಹಾಕಬೇಕು. ಪ್ರತಿವರ್ಷ ಪಕ್ಕದ ಮನೆಯ ಗಿರಿಜಕ್ಕ ಬರುತ್ತಿದ್ದರು. ಆ ವರ್ಷ ಸಹಾಯಕ್ಕೆಂದು ಕಳಸದಿಂದ ಅಜ್ಜಿಯ ತಂಗಿಯ ಮೊಮ್ಮಗಳು ಸುಧಾ ಬರುವವಳಿದ್ದಳು. ಅವಳನ್ನು ಅಜ್ಜಿ ನೋಡಿದ್ದು ಅವಳು ತೊಟ್ಟಿಲಲ್ಲಿದ್ದಾಗ, ಅಮ್ಮ ನೋಡಿಯೇ ಇರಲಿಲ್ಲ. ನಾವು ಜೀಪಿನಿಂದ ಇಳಿದಾಗ ಕಣದ ನೆರಳಲ್ಲಿ ಅಜ್ಜಿ ಮತ್ತು ಗಿರಿಜಕ್ಕನ ಮಧ್ಯೆ, ಪ್ಯಾಂಟು ಮಡಿಚಿಕೊಂಡು, ಮೊಣಕೈವರೆಗೆ ಎಣ್ಣೆ ಮಾಡಿಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ನಾನು ಸರಿಸಿದ ಆ ಅಕ್ಕ ಕೂತು ಹಪ್ಪಳ ಒತ್ತುತ್ತಿದ್ದಳು.

“ಎಲ್ಲಿ ನಿಮ್ಮ ಗೆಸ್ಟು?” ಎಂದರು ಅಮ್ಮ.

“ಬರ್ಲಿಲ್ಲ.”

“ಬರ್ಲಿಲ್ವಾ? ಪುಣ್ಯ,” ಎಂದರು ಅಜ್ಜಿ. “ಸುಧಾ ಬಂದಿದಾಳೆ ನೋಡು. ಪಾಪ, ಮಾತೇ ಆಡಲ್ಲ. ಎಷ್ಟು ಹೇಳಿದ್ರೂ ನಗೋದೇ.”

ಅಷ್ಟು ಹೇಳಿ ಅವರು ಸುಧಾಳ ಮಣೆಯ ಕೆಳಗಿನ ಹಪ್ಪಳವನ್ನು ಎತ್ತಿ ಬೆಳಕಿಗೆ ಹಿಡಿದರು. ನಡು ತೆಳುವಾಗಿ, ಅಂಚು ದಪ್ಪವಾಗಿತ್ತು. ಅಂಚು ದಪ್ಪವಾದರೆ ಎಷ್ಟು ಒಣಗಿಸಿದರೂ ಕರಿದಾಗ ಬೇಯುವುದಿಲ್ಲ. ಅಜ್ಜಿ ಅವಳ ಮುಂಗೈಗೆ ಫಟ್ಟನೆ ಒಂದು ಕೊಟ್ಟರು.

“ಆಗಿಂದ ಅದನ್ನೇ ಮಾಡ್ತೀಯಲ್ಲ! ನಿಮ್ಮಮ್ಮ ಇದನ್ನೂ ಕಲಿಸ್ಲಿಲ್ವೇನೇ?”

ಸುಧಾ ಮುಂಗೈ ಉಜ್ಜಿಕೊಂಡು ಇನ್ನೊಂದು ಉಂಡೆ ತೆಗೆದುಕೊಂಡಳು. ಆಗ ಜಗಲಿಯಲ್ಲಿ ಫೋನು ಬಡಿದುಕೊಂಡಿತು. ನಾನೇ ಓಡಿ ಎತ್ತಿಕೊಂಡೆ. ಕಳಸದಿಂದ ಸುಧಾ ಮಾತಾಡುತ್ತಿದ್ದಳು. ಪರೀಕ್ಷೆ ಮುಂದೆ ಹೋಗಿದೆ, ಹಪ್ಪಳಕ್ಕೆ ಬರಲಾಗುವುದಿಲ್ಲ, ದೊಡ್ಡಜ್ಜಿ ಬೈದುಕೊಳ್ಳಬಾರದು ಅಂದಳು.

“ಅಜ್ಜೀ, ಸುಧಾ ಬರಲ್ವಂತೆ!” ಎಂದು ಕೂಗಿದೆ.

“ಇಲ್ಲೇ ಕೂತಿದಾಳಲ್ಲ ಮಾರಾಯ್ತಿ!”

ಮುಂದಿನದು ಹೇಗೆ ನಡೆಯಿತೆಂದು ನಾಲ್ಕು ಜನ ನಾಲ್ಕು ತರ ಹೇಳುತ್ತಾರೆ. ನನಗೆ ನೆನಪಿರುವುದು ಅಮ್ಮನ ಮುಖ. ನಿಧಾನವಾಗಿ ಕೋಣೆಯ ಹೂವಿನ ಪರದೆ ನೋಡಿದರು, ಗೆಸ್ಟಿನ ಎಣ್ಣೆ ಕೈ ನೋಡಿದರು, ಅಜ್ಜಿಯನ್ನು ನೋಡಿದರು. ನಾನು ಕಣಕ್ಕೆ ಹೋಗಿ ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ, ನೀವು ಕಾರೆನ್ ಅಲ್ಲ ತಾನೇ ಎಂದು ಕೇಳಿದೆ. ಅವಳು, ಹೌದು ಕಾರೆನ್ನೇ, ಹಪ್ಪಳ ಮುಗಿದ ಮೇಲೆ ನನ್ನ ಕೋಣೆ ಯಾವುದೆಂದು ತೋರಿಸುತ್ತೀರಾ ಅಂದಳು. ಗಿರಿಜಕ್ಕ ನಕ್ಕು ನಕ್ಕು ಚಾಪೆಯ ಮೇಲೇ ಕೂತುಬಿಟ್ಟರು. ಅವರಡಿ ಸಿಕ್ಕಿ ಒಂದಷ್ಟು ಹಪ್ಪಳ ಹಾಳಾದವು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ಒಳಗೋಡಿದರು. ಅಜ್ಜಿ ಮಾತ್ರ ವಿಚಲಿತರಾಗಲಿಲ್ಲ.

“ಯಾರಾದ್ರೇನು, ಅಂಚು ದಪ್ಪನೇ,” ಎಂದರು.

ಸಂಜೆ ಕಾಫಿಗೆ ಕೂತಾಗ ಕಾರೆನ್ ತನ್ನ ಕಥೆ ಹೇಳಿದಳು, ನಾನು ಅನುವಾದ ಮಾಡಿದೆ. ಅವಳು ಹುಟ್ಟಿದ್ದು ಇದೇ ಮಲೆಗಳಲ್ಲಿ. ಕೊಟ್ಟಿಗೆಹಾರದ ಹತ್ತಿರದ ಒಂದು ಎಸ್ಟೇಟಿನ ಲೈನ್ ಮನೆಗಳಿಂದ, ಅಂದರೆ ಕೆಲಸದವರ ಸಾಲುಮನೆಗಳಿಂದ, ಯಾರೋ ಒಬ್ಬ ಹೆಂಗಸು ಅವಳನ್ನು ಹಸುಗೂಸಾಗಿದ್ದಾಗ ಒಂದು ಮಕ್ಕಳ ಮನೆಗೆ ತಂದುಕೊಟ್ಟಿದ್ದಳಂತೆ. ಅಲ್ಲಿಂದ ಡೆನ್ಮಾರ್ಕಿನ ಗಂಡಹೆಂಡತಿ ದತ್ತು ತೆಗೆದುಕೊಂಡು ಹೋದರು. ಅವಳ ಅಮ್ಮ ಅಲ್ಲಿ ಶಾಲೆಯಲ್ಲಿ ಸಂಗೀತ ಕಲಿಸುತ್ತಾರೆ, ಅಪ್ಪ ದೋಣಿ ರಿಪೇರಿ ಮಾಡುತ್ತಾರೆ. ಇಬ್ಬರೂ ಒಳ್ಳೆಯವರು, ಈ ಪ್ರಯಾಣಕ್ಕೆ ಟಿಕೆಟ್ಟು ತೆಗೆದುಕೊಟ್ಟವರೂ ಅವರೇ. ತಂದುಕೊಟ್ಟ ಹೆಂಗಸು ಹೆತ್ತವಳೋ ಬೇರೆಯವಳೋ ಗೊತ್ತಿಲ್ಲ. ಹೆತ್ತವಳು ಸಿಗದಿದ್ದರೂ ಪರವಾಗಿಲ್ಲ, ನನ್ನನ್ನು ಯಾಕೆ ಕೊಟ್ಟರು ಎನ್ನುವುದಷ್ಟು ಗೊತ್ತಾದರೆ ಸಾಕು ಅಂದಳು. ಬೇಡವಾಗಿತ್ತು ಅಂತಲೋ, ಬೇರೆ ದಾರಿ ಇರಲಿಲ್ಲ ಅಂತಲೋ.

ಕಣದಲ್ಲಿ ಕೂರಿಸಿದಾಗ ಸುಧಾ ಅಲ್ಲ ಎಂದು ಯಾಕೆ ಹೇಳಲಿಲ್ಲ ಎಂದು ನಾನು ಪಾಟೀಸವಾಲು ಹಾಕಿದೆ. ಅವಳು ಹೇಳಿದ್ದಳಂತೆ. ಹೆಸರು ಹೇಳಿದರೆ ಅಜ್ಜಿ ಕೈತೊಳೆಯಲು ನೀರು ಕೊಟ್ಟರಂತೆ. ಹೋಂಸ್ಟೇ ಎಂದರೆ ಹೀಗೆಯೇ ಇರಬಹುದು ಅಂದುಕೊಂಡಳಂತೆ. ಆಮೇಲೆ, ಹೇಳಬೇಕು ಅನ್ನಿಸಲಿಲ್ಲವಂತೆ. ಡೆನ್ಮಾರ್ಕಿನಲ್ಲಿ ಹೊಸಬರು ಯಾರೇ ಸಿಕ್ಕರೂ, ನೀನು ಎಲ್ಲಿಯವಳು, ಅಲ್ಲ, ನಿಜವಾಗಿ ಎಲ್ಲಿಯವಳು ಎಂದು ಎರಡೆರಡು ಸಲ ಕೇಳುತ್ತಾರಂತೆ. ಹುಟ್ಟಿದಂದಿನಿಂದ ಆ ಪ್ರಶ್ನೆ ಯಾರೂ ಕೇಳದೇ ಇದ್ದ ಮೊದಲ ಮಧ್ಯಾಹ್ನವಂತೆ ಅದು.

“ನಂಗೆ ನೋಡಿದ ಕೂಡ್ಲೇ ಗೊತ್ತಾಯ್ತು, ನಮ್ಮ ಕಡೆ ಹುಡುಗಿನೇ ಅಂತ,” ಅಂದರು ಅಜ್ಜಿ.

“ನೀವು ಸುಧಾ ಅಂದ್ಕೊಂಡಿದ್ರಿ ಅಜ್ಜಿ.”

“ಸುಧಾ ನಮ್ಮ ಕಡೆ ಹುಡುಗಿ ಅಲ್ವಾ? ನೀ ಸುಮ್ನಿರೇ ಲಾಯರಮ್ಮ. ಸುಧಾ, ಇನ್ನೊಂದು ಕಡುಬು ಹಾಕ್ಕೋ.”

ಕಾರೆನ್ ಎಂದು ಅವರು ಒಂದು ಸಲವೂ ಕರೆಯಲಿಲ್ಲ.

ಮರುದಿನದಿಂದ ಅಪ್ಪ ಜೀಪು ತೆಗೆದರು. ನಾನು ಮುಂದಿನ ಸೀಟು ಹಿಡಿದೆ. ವಿಷಯ ಹಬ್ಬಲು ಹೊತ್ತಾಗಲಿಲ್ಲ; ಎಲ್ಲಿ ಹೋದರೂ ಅವಳನ್ನು ತಮ್ಮವಳನ್ನಾಗಿ ಮಾಡಿಕೊಳ್ಳಲು ಜನ ತಯಾರಾಗಿ ನಿಂತಿರುತ್ತಿದ್ದರು. ಒಬ್ಬರಿಗೆ ಅವಳ ನಡಿಗೆಯಲ್ಲಿ ತಮ್ಮ ಸೋದರತ್ತೆ ಕಂಡರು, ಇನ್ನೊಬ್ಬರಿಗೆ ಕಿವಿಯಲ್ಲಿ ತೀರಿಹೋದ ಮಾವ. ನೀರುದೋಸೆ ಹೋಟೆಲಿನವರಂತೂ ದೋಸೆ ಹುಯ್ಯುವುದನ್ನೇ ನಿಲ್ಲಿಸಿ ಹೊರಗೆ ಬಂದರು.

“ಆ ಮೂಗು ನಮ್ಮ ಭಾವನ ಮನೆ ಕಡೆದು. ನೂರಕ್ಕೆ ನೂರು.”

“ಅಂಥ ಮೂಗು ಬೇರೆ ಯಾರಿಗೂ ಇಲ್ವಾ?” ಎಂದೆ ನಾನು.

“ಇದ್ರೆ ತೋರ್ಸು ನೋಡೋಣ.”

“ಇದೆ ಅಂತ ಹೇಳೋರು ತೋರಿಸ್ಬೇಕು. ನಿಮ್ಮ ಭಾವನ್ನ ಕರೀರಿ.”

“ಭಾವ ಸತ್ತು ಯಾವ ಕಾಲ ಆಯ್ತು! ಏನ್ರೀ ನಿಮ್ಮ ಮಗಳು, ಸತ್ತೋರನ್ನೂ ಕೋರ್ಟಿಗೆ ಕರೀತಾಳಲ್ಲ!” ಎಂದು ಅವರು ಅಪ್ಪನಿಗೆ ದೂರಿದರು.

ಇದನ್ನೆಲ್ಲ ಅನುವಾದಿಸಿ ಹೇಳಿದಾಗ ಕಾರೆನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮೂಗುಗಳನ್ನೂ ಕಿವಿಗಳನ್ನೂ ನಾನು ಒಂದೊಂದಾಗಿ ಕೆಡವುತ್ತ ಹೋದೆ. ಅದನ್ನು ಅವಳು ತಪ್ಪೆಂದು ತಿಳಿಯಲಿಲ್ಲ. ಊರಲ್ಲಿ ಎಲ್ಲರೂ ನನ್ನ ತಲೆ ಸವರುತ್ತಾರೆ, ಜಗಳಕ್ಕೆ ನಿಲ್ಲುವವಳು ನೀನೊಬ್ಬಳೇ ಅಂದಳು.

ಕೊನೆಗೆ ಆ ಎಸ್ಟೇಟು ಸಿಕ್ಕಿತು. ಲೈನ್ ಮನೆಗಳು ಸಿಗಲಿಲ್ಲ. ಅವನ್ನು ಕೆಡವಿ ಯಾವ ಕಾಲವೋ ಆಗಿತ್ತು. ಆ ಜಾಗದಲ್ಲಿ ಕಾಫಿ ಸಸಿಗಳ ನರ್ಸರಿ ಇತ್ತು. ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಎರಡೆರಡು ಎಲೆಯ ಸಸಿಗಳು ಚಪ್ಪರದಡಿ ಸಾಲಾಗಿ ನಿಂತಿದ್ದವು. ಆಳುಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ, ಈಗ ಕೆಲಸ ಬಿಟ್ಟಿರುವ ಮುದುಕ ಮೇಸ್ತ್ರಿಯೊಬ್ಬರನ್ನು ಅಪ್ಪ ಹುಡುಕಿ ಕರೆತಂದರು.

“ಆಗ ಘಟ್ಟದ ಕೆಳಗಿಂದ ಬರ್ತಿದ್ರು, ಬಯಲುಸೀಮೆ ಕಡೆಯಿಂದ ಬರ್ತಿದ್ರು. ಕೊಯ್ಲು ಮುಗಿದ್ರೆ ಗಂಟು ಕಟ್ಟಿಕೊಂಡು ಹೋಗ್ತಿದ್ರು. ಯಾವ ಮಗು ಯಾರ್ದು ಅಂತ ಯಾರಿಗೆ ನೆನಪಿರುತ್ತೆ ಅಮ್ಮ?”

“ಇವಳನ್ನ ಕೊಟ್ಟಿದ್ದು ನಿಮಗೆ ಗೊತ್ತಾ?” ಎಂದೆ.

“ಇಲ್ಲ. ಸುಳ್ಳು ಹೇಳಲಾರೆ.”

ನಾನು ಅಲ್ಲಿಯವರೆಗೆ ಕೇಳಿದ ಸಾಕ್ಷಿಗಳಲ್ಲಿ ಮರ್ಯಾದಸ್ಥರೆಂದರೆ ಅವರೊಬ್ಬರೇ. ಅವರ ಮಾತನ್ನು ಇದ್ದ ಹಾಗೆಯೇ ಕಾರೆನ್‌ಗೆ ಹೇಳಿದೆ. ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತು ಸಸಿಗಳ ಸಾಲಿನ ನಡುವೆ ಓಡಾಡಿ ಬಂದು ಜೀಪು ಹತ್ತಿದಳು. ಅಪ್ಪ ದಾರಿಯಲ್ಲಿ ಒಂದೇ ಒಂದು ವಾದವನ್ನೂ ಎತ್ತಲಿಲ್ಲ.

ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಕಣದಲ್ಲಿ ಹಪ್ಪಳಗಳನ್ನು ಮಗುಚಿ ಹಾಕುವ ಕೆಲಸ ಬಾಕಿಯಿತ್ತು. ಯಾರೂ ಹೇಳದೆಯೇ ಕಾರೆನ್ ಹೋಗಿ ಕೂತಳು. ನಾನೂ ಕೂತೆ. ಒಂದು ಸಾಲು ಮಗುಚಿದ ಮೇಲೆ ಅವಳು ಕೇಳಿದಳು: ಮೊದಲ ದಿನ ಕೈಮೇಲೆ ಹೊಡೆದಾಗ ನಿಮ್ಮ ಅಜ್ಜಿ ಏನಂದರು?

ಹಪ್ಪಳ ತೆಳುವಾಗಿರಲಿ ಅಂದರು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಎದುರಾಳಿಯ ಮಾತನ್ನೇ ಆಗಲಿ, ಹೇಳಿದರೆ ಪೂರ್ತಿ ಹೇಳಬೇಕು ಎಂದು ಕಲಿತವಳು ನಾನು. ತಾಯಿಯನ್ನು ಹುಡುಕಿಕೊಂಡು ಅಷ್ಟು ದೂರದಿಂದ ಬಂದು, ಅದೇ ದಿನ ಬರಿಗೈಯಲ್ಲಿ ವಾಪಸಾದ ಹುಡುಗಿಗೆ ಆ ವಾಕ್ಯ ಹೇಳುವುದು ಹೇಗೆ? ಹಪ್ಪಳ ನೋಡುತ್ತ ಹೇಳಿಬಿಟ್ಟೆ.

“ನಿಮ್ಮಮ್ಮ ಇದನ್ನೂ ಕಲಿಸಲಿಲ್ಲವೇನೇ ಅಂದರು.”

ನಾನು ತಲೆ ಎತ್ತಲಿಲ್ಲ. ಆಮೇಲೆ ಅವಳ ಮೂಗಿನಿಂದ ಗೊರ್ರೆಂದು ಒಂದು ಸದ್ದು ಬಂತು. ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುವಷ್ಟು, ಎಣ್ಣೆ ಕೈಯಲ್ಲೇ ಒರೆಸಿಕೊಳ್ಳುವಷ್ಟು. ನಮ್ಮಲ್ಲಿ ನನ್ನ ಮುಂದೆ ತಾಯಿ ಎಂಬ ಪದ ಬಂದರೆ ಸಾಕು, ಎಲ್ಲರ ದನಿಯೂ ತಗ್ಗುತ್ತದೆ ಅಂದಳು. ಟೀಚರುಗಳದ್ದು, ಗೆಳತಿಯರದ್ದು, ಮನೆಯ ಅಮ್ಮನದ್ದೂ. ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ. ನಿಮ್ಮ ಅಜ್ಜಿ ಮಾತ್ರ, ನನ್ನನ್ನು ಹೆತ್ತವಳು ಇಲ್ಲೇ ಪಕ್ಕದ ಊರಲ್ಲಿದ್ದಾಳೆ, ನಾಳೆ ಸಿಕ್ಕಿದರೆ ಸರಿಯಾಗಿ ವಿಚಾರಿಸಿಕೊಳ್ಳುತ್ತೇನೆ ಅನ್ನುವ ಹಾಗೆ ಬೈದರು. ಇನ್ನೊಂದು ಸಲ ಹೇಳು, ಕನ್ನಡದಲ್ಲಿ ಹೇಳು.

ಹೇಳಿಕೊಟ್ಟೆ. ಉಳಿದ ದಿನಗಳೆಲ್ಲ ಅವಳಿಗೆ ಅದೇ ಮಂತ್ರ. ಸ್ಟಾರ್ಟ್ ಆಗದ ಜೀಪಿಗೆ ಹೇಳಿದಳು, ಹಪ್ಪಳ ಕುಕ್ಕಲು ಬಂದ ಕೋಳಿಗೆ ಹೇಳಿದಳು, ಮಾತಿನಲ್ಲಿ ನನ್ನನ್ನು ಸೋಲಿಸಲಾಗದೇ ಹೋದಾಗಲೆಲ್ಲ ನನಗೂ ಹೇಳಿದಳು. ಕೊನೆಯ ‘ನೇ’ಯನ್ನು ಅಜ್ಜಿಯ ಹಾಗೆಯೇ ಎಳೆಯುತ್ತಿದ್ದಳು. ಹಪ್ಪಳದ ಅಂಚೂ ತೆಳುವಾಯಿತು.

ಹೊರಡುವ ದಿನ ಬಂತು. ಅಮ್ಮ ಹರಿವಾಣದಲ್ಲಿ ಅರಿಶಿನ ಕುಂಕುಮ, ಒಂದು ರವಿಕೆ ಕಣ, ಹಪ್ಪಳದ ಕಟ್ಟು ಇಟ್ಟುಕೊಂಡು ಜಗಲಿಗೆ ಬಂದರು. ಬಂದುಹೋಗುವ ಹೆಂಗಸರಿಗೆಲ್ಲ ಕೊಡುವ ಮರ್ಯಾದೆ ಅದು. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಮೊರದ ತುಂಬ ಅಕ್ಕಿ, ಮೇಲೆ ತೆಂಗಿನಕಾಯಿ, ಬೆಲ್ಲದ ಅಚ್ಚು, ವೀಳ್ಯದೆಲೆ ಇಟ್ಟುಕೊಂಡು ಬಂದರು. ಮಡಿಲಕ್ಕಿ. ತವರಿಗೆ ಬಂದ ಮಗಳು ಹೊರಟಾಗ ಮಾತ್ರ ಅವಳ ಸೆರಗಿಗೆ ಸುರಿಯುವಂಥದ್ದು.

“ಅತ್ತೆ, ಅದು ಮನೆ ಹೆಣ್ಮಕ್ಕಳಿಗೆ,” ಎಂದರು ಅಮ್ಮ ಮೆಲ್ಲಗೆ.

“ಗೊತ್ತು. ಮದುವೆ ಆಗಿ ಬಂದ ನಿಂಗೆ ಹೇಳಿಕೊಟ್ಟೋಳೇ ನಾನು.”

ನನಗೆ ಸುಮ್ಮನಿರಲಾಗಲಿಲ್ಲ. ಕಾರೆನ್ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ವಾದ ವಾದವೇ.

“ಅಜ್ಜಿ, ಇವಳು ನಮ್ಮನೆಯವಳು ಅನ್ನೋದಕ್ಕೆ ಪುರಾವೆ ಎಂತ ಇದೆ? ಯಾವ ಊರವಳು ಅಂತಾನೇ ಗೊತ್ತಾಗ್ಲಿಲ್ಲ.”

ಅಜ್ಜಿ ಮೊರವನ್ನು ಸೊಂಟಕ್ಕೆ ಆನಿಸಿಕೊಂಡು ನಿಂತರು. “ಗೆಸ್ಟಿಗೆ ಯಾರಾದ್ರೂ ಬೈತಾರಾ?”

“ಇಲ್ಲ.”

“ಕೈಗೆ ಹೊಡೀತಾರಾ?”

“ಇಲ್ಲ, ಆದ್ರೆ ನೀವು ಗೊತ್ತಿಲ್ದೆ...”

“ಗೊತ್ತಿದ್ದೋ ಗೊತ್ತಿಲ್ದೆಯೋ, ಬೈದಾಯ್ತು, ಹೊಡೆದಾಯ್ತು, ಅವಳು ಹೊಡೆಸಿಕೊಂಡೂ ಆಯ್ತು. ಅಷ್ಟಾದ ಮೇಲೆ ನೆಂಟರ ಹಾಗೆ ಕುಂಕುಮ ಕೊಟ್ಟು ಕಳಿಸಿದ್ರೆ ನನ್ನ ಮುಖ ಎಲ್ಲಿ ಇಟ್ಕೊಳ್ಲಿ? ಮಗಳಾದ್ರೆ ಮಾತ್ರ ನಂಗೆ ಬಚಾವು. ಸರಿ ಆಚೆ.”

ಪ್ಯಾಂಟಿಗೆ ಸೆರಗು ಇಲ್ಲವಲ್ಲ. ಅಮ್ಮ ತಮ್ಮದೊಂದು ಸೀರೆ ತಂದು ಪ್ಯಾಂಟಿನ ಮೇಲೆಯೇ ಸುತ್ತಿದರು. ಕಾರೆನ್ ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದಳು. ಅಜ್ಜಿ ಅವಸರದಲ್ಲಿ ಮೊರ ಬಾಗಿಸಿದರು. ಬೆಲ್ಲದಚ್ಚು ಉರುಳಿತು, ಅರ್ಧ ಅಕ್ಕಿ ಸೆರಗಿಗೆ, ಇನ್ನರ್ಧ ಜರ್ರೆಂದು ಜಗಲಿಯ ಮೇಲೆ ಹರಡಿತು. ಕಾರೆನ್ ನೆಲ ನೋಡಿದಳು, ಅಜ್ಜಿಯನ್ನು ನೋಡಿದಳು, ಗಂಟಲು ಸರಿಮಾಡಿಕೊಂಡಳು.

“ನಿಮ್ಮಮ್ಮ ಇದನ್ನೂ ಕಲಿಸ್ಲಿಲ್ವೇನೇ?”

ಅಜ್ಜಿಯನ್ನು ಏಕವಚನದಲ್ಲಿ, ಅದೂ ‘ಏನೇ’ ಎಂದು ಮಾತಾಡಿಸುವವರು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಅಪ್ಪನೇ ‘ನೀವು’ ಅನ್ನುತ್ತಿದ್ದರು. ಅಜ್ಜಿ ಬಾಯಿ ತೆರೆದುಕೊಂಡೇ ನಿಂತರು. ಆಮೇಲೆ ಅವರ ಹೊಟ್ಟೆ ಕುಲುಕಿತು, ಹೆಗಲು ಕುಲುಕಿತು, ಕೈಯಲ್ಲಿದ್ದ ಖಾಲಿ ಮೊರ ಕುಲುಕಿತು. ಅಂಥ ನಗುವನ್ನು ನಾನು ಆ ಮನೆಯಲ್ಲಿ ಹಿಂದೆ ಕೇಳಿರಲಿಲ್ಲ. ನಗು ಮುಗಿದ ಮೇಲೆ ಅವಳ ಗಲ್ಲ ಹಿಡಿದು ಹೇಳಿದರು:

“ಕಲಿಸಿದ್ಲು ಕಣೇ. ಅವಳ ಕೈಲಿ ಆದಷ್ಟು ಕಲಿಸಿದ್ಲು. ನಾನು ಕಲಿಯೋ ಹೊತ್ತಿಗೆ ಅವಳು ಇರ್ಲಿಲ್ಲ.”

ಅಜ್ಜಿಗೆ ತಾಯಿ ತಪ್ಪಿದ್ದು ಎಳೆಯ ವಯಸ್ಸಿನಲ್ಲಿ ಎಂದು ನಾನು ತಿಳಿದದ್ದೂ ಆ ಕ್ಷಣವೇ. ಕಾರೆನ್ ನನ್ನ ಕಡೆ ತಿರುಗಿದಳು. ಒಂದಕ್ಷರ ಬಿಡದೆ ಅನುವಾದಿಸಿದೆ. ಅವಳು ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತು ಚೆಲ್ಲಿದ ಅಕ್ಕಿಯನ್ನು ಬಾಚಿ ಬಾಚಿ ಸೆರಗಿಗೆ ಹಾಕಿಕೊಂಡಳು. ಅಜ್ಜಿಯೂ ಕೂತು ಬಾಚಿದರು.

ಮಡಿಲು ತುಂಬಿಸಿಕೊಂಡ ಮಗಳು ಹೊರಡುವ ಮುನ್ನ ಅದರಲ್ಲಿ ಒಂದು ಹಿಡಿಯನ್ನು ತವರಿನ ಅಕ್ಕಿ ಡಬ್ಬಕ್ಕೆ ವಾಪಸು ಹಾಕಬೇಕು. ಅಜ್ಜಿ ಅವಳ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಹಾಕಿಸಿದರು. ಅಪ್ಪ ಹಾರ್ನ್ ಹೊಡೆದರು. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಸೀರೆ ಸುತ್ತಿದ ತೋಳೊಂದು ಹೊರಗೆ ಬೀಸುತ್ತಲೇ ಇತ್ತು.

ನಾವು ಒಳಗೆ ಬಂದೆವು. ಮಧ್ಯಾಹ್ನದ ಅನ್ನಕ್ಕೆ ಅಕ್ಕಿ ಅಳೆಯಲು ಅಜ್ಜಿ ಡಬ್ಬದ ಮುಚ್ಚಳ ತೆಗೆದವರು, ಸೇರನ್ನು ಅಕ್ಕಿಯೊಳಗೆ ಎರಡು ಸುತ್ತು ತಿರುಗಿಸಿ ನನ್ನನ್ನು ಕರೆದರು.

“ಲಾಯರಮ್ಮ, ಬಾ ಇಲ್ಲಿ. ಇದ್ರಲ್ಲಿ ಅವಳು ಹಾಕಿದ್ದು ಯಾವ್ದು, ಮೊದ್ಲೇ ಇದ್ದಿದ್ದು ಯಾವ್ದು, ತೆಗೆದು ತೋರ್ಸು ನೋಡೋಣ.”

ನಾನು ಡಬ್ಬದೊಳಗೆ ನೋಡಿದೆ. ಬಹಳ ಹೊತ್ತು ನೋಡಿದೆ. ಪುರಾವೆ ಇಲ್ಲ ಎಂಬುದು ನನ್ನ ಅಂದಿನ ವಾದ, ಇಂದಿನ ವಾದವೂ ಅದೇ. ಆದರೆ ಆ ಮಧ್ಯಾಹ್ನ ಊಟಕ್ಕೆ ಕೂತಾಗ ನಾನೊಂದು ಮಾತೂ ಆಡಲಿಲ್ಲ. ಬಡಿಸಿದ್ದನ್ನು ಬಿಸಿಯಿರುವಾಗಲೇ ಉಂಡೆ. ಕೊಟ್ಟಿಗೆಹಾರದಿಂದ ವಾಪಸು ಬಂದು ಪಕ್ಕದಲ್ಲಿ ಕೂತಿದ್ದ ಅಪ್ಪ ಎರಡು ಸಲ ನನ್ನ ಮುಖ ನೋಡಿ, ಎಡಗೈಯಿಂದ ನನ್ನ ಹಣೆ ಮುಟ್ಟಿ, ಜ್ವರ ಇದೆಯಾ ನೋಡೇ ಇವಳಿಗೆ ಎಂದು ಅಮ್ಮನನ್ನು ಕೂಗಿದರು.